ಸೈನಿಕರ ಥರದ ಪೊಲೀಸರು ಈಗಲೂ ಬೇಕಾ?

ಕುತೂಹಲಿ:
ಒಂದು ಅನುಮಾನ. ಫ್ರಾನ್ಸಿನಲ್ಲಿ ಪೊಲೀಸ್ ಬೇರೆ, ಜೆಂಡಾರ್ಮರಿ ಬೇರೆ. ಇಟಲಿಯಲ್ಲಿ ಕ್ಯಾರಬಿನಿಯೇರಿ, ಸ್ಪೇನಿನಲ್ಲಿ ಗಾರ್ಡಿಯಾ ಸಿವಿಲ್. ಇವರು ಕಳ್ಳತನದ ದೂರು ಬರೆದುಕೊಳ್ಳುತ್ತಾರೆ, ಟ್ರಾಫಿಕ್ಕೂ ನೋಡುತ್ತಾರೆ, ಆದರೆ ಸರ್ಕಾರದ ಲೆಕ್ಕದಲ್ಲಿ ಇವರು ಸೈನಿಕರೇ. ದಾರಿಯಲ್ಲಿ ದರೋಡೆಕೋರರಿದ್ದ ಕಾಲಕ್ಕೆ ಸರಿ, ಈಗ್ಯಾಕೆ? ಸೈನಿಕನ ಎದುರಿಗಿರುವವನು ಶತ್ರು, ಪೊಲೀಸಿನವನ ಎದುರಿಗಿರುವವನು ತನ್ನದೇ ದೇಶದ ಪ್ರಜೆ. ಎರಡೂ ಒಂದೇ ತಲೆಯಲ್ಲಿ ಹೇಗೆ ಹಿಡಿಸುತ್ತೆ?

ಹಳೇಬೂಟು:
ತಲೆಯ ವಿಷಯ ಆಮೇಲೆ, ಮೊದಲು ದುಡ್ಡಿನ ವಿಷಯ ನೋಡಿ. ಫ್ರಾನ್ಸಿನ ನೆಲದಲ್ಲಿ ಸುಮಾರು 95% ಜೆಂಡಾರ್ಮರಿ ಕೈಯಲ್ಲಿದೆ, ಆದರೆ ಅಲ್ಲಿರುವುದು ಅರ್ಧದಷ್ಟು ಜನ. ಅಂದರೆ ದೂರ ದೂರದ ಹಳ್ಳಿಗಳು. ಅಲ್ಲಿ ಠಾಣೆಗೆ ಅಂಟಿಕೊಂಡೇ ಕ್ವಾರ್ಟರ್ಸ್, ಹೆಂಡತಿ ಮಕ್ಕಳೂ ಅಲ್ಲೇ, ರಾತ್ರಿ ಎರಡಕ್ಕೆ ಫೋನ್ ಬಂದರೂ ಬೂಟು ಹಾಕಿಕೊಂಡು ಹೊರಡಬೇಕು. ಮುಷ್ಕರ ಮಾಡುವಂತಿಲ್ಲ. ಇಷ್ಟು ಅಗ್ಗಕ್ಕೆ ಇಷ್ಟು ದುಡಿಯುವವರನ್ನು ಯಾವ ಸರ್ಕಾರ ಬಿಟ್ಟುಕೊಡುತ್ತೆ ಹೇಳಿ! 2001ರ ಡಿಸೆಂಬರಿನಲ್ಲಿ ಅವರಿಗೂ ಸಾಕಾಗಿ, ನಿಷೇಧ ಇದ್ದರೂ ಯೂನಿಫಾರ್ಮಿನಲ್ಲೇ ಬೀದಿಗಿಳಿದಿದ್ದರು.

ಇನ್ನೊಂದು ನಿಜವಾದ ಕಾರಣ ಇದೆ. ಯುದ್ಧ ಮುಗಿದ ಊರಲ್ಲಿ ಗುಂಪು ಕಲ್ಲು ಹಿಡಿದು ನಿಂತರೆ ಸೈನ್ಯದ ಹತ್ತಿರ ಇರುವುದು ಬಂದೂಕು, ಮಾಮೂಲಿ ಪೊಲೀಸರು ಅಲ್ಲಿಗೆ ಹೋಗುವುದೇ ಕಷ್ಟ. ಬೋಸ್ನಿಯಾದಲ್ಲಿ 1998ರಲ್ಲಿ ನ್ಯಾಟೋ ಇದಕ್ಕೇ ಅಂತ ಒಂದು ತುಕಡಿ ಇಳಿಸಿತು, ಮುಂದೆ ನಿಂತವರು ಕ್ಯಾರಬಿನಿಯೇರಿಗಳು.

ಮಾತಿನಮಲ್ಲಿ:
ಅದೆಲ್ಲ ಸರಿ, ಸ್ಪೇನಿನ 1981ರ ಫೆಬ್ರವರಿ 23 ಮರೆತುಬಿಟ್ರಾ? ತೆಹೇರೊ ಅನ್ನುವ ಅಧಿಕಾರಿ ಸುಮಾರು ಇನ್ನೂರು ಗಾರ್ಡಿಯಾ ಸಿವಿಲ್‌ನವರನ್ನು ಕರೆದುಕೊಂಡು ಸರ್ಕಾರ ಉರುಳಿಸೋಕೆ ಅಂತ ಪಾರ್ಲಿಮೆಂಟಿಗೇ ನುಗ್ಗಿದ. ತಲೆ ಮೇಲೆ ಆ ಮೂರು ಮೂಲೆಯ ಟೋಪಿ, ಕೈಯಲ್ಲಿ ಪಿಸ್ತೂಲು. ಅವನ ಕಡೆಯವರು ಚಾವಣಿಗೆ ಗುಂಡು ಹಾರಿಸಿದರು, ಸಂಸದರಲ್ಲಿ ಬಹುತೇಕರು ಸೀಟಿನ ಕೆಳಗೆ. ಆ ತೂತುಗಳಲ್ಲಿ ಬಹಳಷ್ಟು ಈಗಲೂ ಹಾಗೇ ಇವೆ. ಪ್ರಶ್ನೆ ಕೇಳದೆ ಹಿಂದೆ ಬರುವ ಇನ್ನೂರು ಜನ ಸಿಕ್ಕಿದ್ದು ಹೇಗೆ? ನೀವು ಹೊಗಳುವ ಅದೇ ಶಿಸ್ತಿನಿಂದ ಅಲ್ವಾ.

ಬೆಲ್ಜಿಯಂ 2001ರಲ್ಲಿ ತನ್ನ ಜೆಂಡಾರ್ಮರಿಯನ್ನೇ ತೆಗೆದುಹಾಕಿತು, ಆಸ್ಟ್ರಿಯಾ 2005ರಲ್ಲಿ ಪೊಲೀಸಿಗೆ ಸೇರಿಸಿಬಿಟ್ಟಿತು. ದೇಶವೇನೂ ಮುಳುಗಲಿಲ್ಲ.

ನೀಲಿಕೋಟು:
ಇಲ್ಲಿ ಎರಡು ವಿಷಯ ಕಲಸಿಹೋಗಿವೆ. ಹೆಸರಿಗೆ ಸೈನಿಕ ಆಗಿರುವುದು ಒಂದು, ಸೈನಿಕನ ಥರ ನಡೆದುಕೊಳ್ಳುವುದು ಇನ್ನೊಂದು. ಲಂಡನ್ನಿನಲ್ಲಿ 1829ರಲ್ಲಿ ಗೃಹ ಸಚಿವ ಪೀಲ್ ಪೊಲೀಸ್ ಶುರು ಮಾಡಿದಾಗ ಬೇಕಂತಲೇ ನೀಲಿ ಕೋಟು ಕೊಡಿಸಿದರು, ಯಾಕಂದರೆ ಸೈನ್ಯದ್ದು ಕೆಂಪು, ಜನ ಹೆದರಬಾರದು ಅಂತ. ಈಗ ಅಮೆರಿಕ ನೋಡಿ. ಅಲ್ಲಿ ಜೆಂಡಾರ್ಮರಿ ಇಲ್ಲವೇ ಇಲ್ಲ, ಸೈನ್ಯ ಪೊಲೀಸ್ ಕೆಲಸಕ್ಕೆ ಕೈ ಹಾಕದ ಹಾಗೆ 1878ರಿಂದಲೇ ಕಾನೂನಿದೆ. ಆದರೂ ಸೈನ್ಯದಲ್ಲಿ ಮಿಕ್ಕ ಬಂದೂಕು, ಬಾಂಬಿಗೂ ಜಗ್ಗದ ಗಾಡಿಗಳೆಲ್ಲ ಸಣ್ಣ ಸಣ್ಣ ಊರಿನ ಠಾಣೆಗಳಿಗೆ ಹೋಗಿವೆ. ಮಾಮೂಲಿ ಪೊಲೀಸರ ಕೈ ಮೀರಿದ ಅಪಾಯಕ್ಕೆ ಅಂತ ಹುಟ್ಟಿದ ಸ್ವಾಟ್ ಅನ್ನುವ ವಿಶೇಷ ಪೊಲೀಸ್ ತಂಡಗಳು ಡ್ರಗ್ಸ್ ವಾರಂಟಿಗೂ ಬಾಗಿಲು ಒಡೆಯುತ್ತವೆ. ಕೈಗೆ ಗಾಡಿ ಕೊಟ್ಟ ಮೇಲೆ ಶೆಡ್ಡಲ್ಲಿ ಸುಮ್ನೆ ನಿಲ್ಲಿಸ್ತಾರಾ?

ಕುತೂಹಲಿ:
ಮುಷ್ಕರದ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಇವರನ್ನು ರಕ್ಷಣಾ ಇಲಾಖೆಯಿಂದ ಬಿಡಿಸಿ ಗೃಹ ಇಲಾಖೆಗೆ ಕೊಟ್ಟರೆ ಆಯ್ತಲ್ಲ?

ಮಾತಿನಮಲ್ಲಿ:
ಫ್ರಾನ್ಸ್ 2009ರಲ್ಲಿ ಅದನ್ನೇ ಮಾಡಿತು, ಸೈನಿಕರು ಅನ್ನುವ ಸ್ಥಾನ ಹಾಗೇ ಇಟ್ಟುಕೊಂಡು. ಚಿಲಿ ತನ್ನ ಇಂಥದೇ ಪಡೆಗೆ 2011ರಲ್ಲಿ ಮಾಡಿತು. ಅದೇ ಚಿಲಿಯಲ್ಲಿ 2019ರ ಪ್ರತಿಭಟನೆಯಲ್ಲಿ ನೂರಾರು ಜನರ ಕಣ್ಣಿಗೆ ಪೆಟ್ಟಾಯಿತು, ಜಾಸ್ತಿ ಪೆಲೆಟ್ಟಿನಿಂದ. ಇಲಾಖೆಯ ಬೋರ್ಡು ಬದಲಾಯಿಸಿದರೆ ಆಗಲ್ಲ.

ಹಳೇಬೂಟು:
ಇದಕ್ಕೆ ನನ್ನ ತಕರಾರಿಲ್ಲ. ಆದರೆ ನಾನಾಗಿದ್ದರೆ ಇಲಾಖೆ ಯಾವುದು ಅಂತ ಕೇಳುವ ಮೊದಲು ಕೋರ್ಟು ಯಾವುದು ಅಂತ ಕೇಳುತ್ತಿದ್ದೆ. ಚಿಲಿಯಲ್ಲಿ ಇವರು ಜನಸಾಮಾನ್ಯರ ಮೇಲೆ ಕೈ ಮಾಡಿದ ಕೇಸುಗಳು 2016ರ ತನಕ ಮಿಲಿಟರಿ ಕೋರ್ಟಿಗೇ ಹೋಗುತ್ತಿದ್ದವು. ಹೊಡೆದವನೂ ಯೂನಿಫಾರ್ಮಿನವನು, ವಿಚಾರಣೆ ಮಾಡುವವನೂ ಯೂನಿಫಾರ್ಮಿನವನು.