ಸಹಾಯ ಬೇಕು: ಭತ್ತದ ಗದ್ದೆಗೆ ಬ್ಲಾಕ್‌ಚೈನ್ ಕಾರ್ಬನ್ ಕ್ರೆಡಿಟ್, ಸಹಿ ಹಾಕಬಹುದೇ?

ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಎರಡು ಎಕರೆ ಭತ್ತ ಬೆಳೆಯುತ್ತೇವೆ. ಕಳೆದ ವಾರ ಕಂಪನಿಯೊಂದರವರು ನಮ್ಮೂರ ಅರಳಿಕಟ್ಟೆಯಲ್ಲಿ ಸಭೆ ನಡೆಸಿದರು. ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಆಗಾಗ ಒಣಗಲು ಬಿಟ್ಟರೆ ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲ ಕಡಿಮೆಯಾಗುತ್ತದೆ, ಹಾಗೆ ಕಡಿಮೆಯಾದದ್ದನ್ನು ಕಾರ್ಬನ್ ಕ್ರೆಡಿಟ್ (ಹೊಗೆ ಉಗುಳುವವರು ದುಡ್ಡು ಕೊಟ್ಟು ಕೊಳ್ಳುವ ಪ್ರಮಾಣಪತ್ರ) ಮಾಡಿ ಮಾರುತ್ತೇವೆ, ಲೆಕ್ಕ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಒಂದೇ ಪ್ರತಿ ಇಡುವ ದಾಖಲೆಯಲ್ಲಿ, ಇರುವುದರಿಂದ ಯಾರೂ ತಿದ್ದಲಾರರು ಎಂದರು.

ಮೀಥೇನ್ ಮಾತು ನಿಜ. ನಿಂತ ನೀರಿನಡಿಯ ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿಸುತ್ತವೆ. ನನ್ನ ಅನುಮಾನ ಲೆಕ್ಕದ ಮೇಲೆ. ಬರೆದದ್ದನ್ನು ತಿದ್ದಲಾಗದು, ಸರಿ. ಬರೆಯುವಾಗಲೇ ಸುಳ್ಳು ಬರೆದರೆ? ಅಳತೆಗೆಂದು ಅವರು ತೋರಿಸಿದ್ದು ಸುತ್ತ ತೂತು ಕೊರೆದ ಒಂದು ಪ್ಲಾಸ್ಟಿಕ್ ಪೈಪ್. ಗದ್ದೆಯಲ್ಲಿ ಹೂತು, ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸಬೇಕಂತೆ. ನಮ್ಮ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುತ್ತಾರೆ; ನಮ್ಮ ಗದ್ದೆ ಅದರ ಕೊನೆಯಲ್ಲಿದೆ. ಅದಕ್ಕೇ ನಮ್ಮ ಅಪ್ಪ ಕೇಳಿದರು: "ನೀರೇ ಬಾರದೆ ಒಣಗಿದ್ದಕ್ಕೂ ದುಡ್ಡು ಕೊಡುತ್ತೀರಾ?" ಎಲ್ಲರೂ ನಕ್ಕರು, ಉತ್ತರ ಬರಲಿಲ್ಲ.

ಒಂದು ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ನಮ್ಮ ಎರಡು ಎಕರೆಯಿಂದ ಎಷ್ಟು ಸಿಕ್ಕೀತು? ಒಪ್ಪಂದ ಇಂಗ್ಲಿಷಿನಲ್ಲಿದೆ, ಹತ್ತು ವರ್ಷದ್ದು, ರೈತನ ಪಾಲು ಎಷ್ಟೆಂದು ಬರೆದೇ ಇಲ್ಲ. ಹೊಗೆ ಉಗುಳಿದ ದೇಶಗಳು ಬರ ಉಂಡ ರೈತನಿಗೆ ಹಣ ಕೊಡುವುದು ನ್ಯಾಯವೇ, ನಡುವಿನವರು ನುಂಗಬಾರದಷ್ಟೆ.

ಇಂಥ ಒಪ್ಪಂದಕ್ಕೆ ಸಹಿ ಹಾಕಿದವರು ಇದ್ದೀರಾ? ಹಣ ಕೈಗೆ ಬಂದಿತೇ? ಗುತ್ತಿಗೆ ಗದ್ದೆಯಾದರೆ ಅದು ಯಾರಿಗೆ ಸೇರುತ್ತದೆ? ಒಪ್ಪಂದ ಓದಿ ಹೇಳಬಲ್ಲ ವಕೀಲರಿದ್ದರೆ ದಯವಿಟ್ಟು ತಿಳಿಸಿ. ಭಾನುವಾರ ಅವರು ಮತ್ತೆ ಬರುತ್ತಾರೆ.