ಪೋಲಿಷ್ ಭಾಷೆಯ ಮೊದಲ ವಾಕ್ಯ: 1136ರದ್ದೋ, 1270ರದ್ದೋ?

ಪ್ರಶ್ನೆ: ಪೋಲಿಷಿನ ಅತಿ ಹಳೆಯ ದಾಖಲೆ 1136ರ ಗ್ನಿಯೆಜ್ನೊ ಸನ್ನದು ಅಂತ ಕೆಲವರು, ಹೆನ್ರಿಕುಫ್ ಪುಸ್ತಕ (ಹೆನ್ರಿಕುಫ್ ಮಠದ ಲ್ಯಾಟಿನ್ ಚರಿತ್ರೆ) ಅಂತ ಕೆಲವರು ಬರೆಯುತ್ತಾರೆ. ಯಾವುದು ಸರಿ? ಆ ಪುಸ್ತಕದ 'ದಾಯ್ ಉತ್ ಯಾ ಪೊಬ್ರುಸಾ, ಆ ತಿ ಪೊಜಿವಾಯ್' ಅನ್ನೋ ವಾಕ್ಯ ಇಂದಿನ ನಿಘಂಟು ಹಿಡಿದು ಕೂತರೂ ಬಿಡಿಸಲು ಬರುತ್ತಿಲ್ಲ.

ಉತ್ತರ 1: ಎರಡೂ ಸರಿ, ಲೆಕ್ಕ ಬೇರೆ. 1136ರದ್ದು ಪೋಪ್ ಎರಡನೇ ಇನ್ನೊಸೆಂಟ್ ಹೆಸರಿನ ಲ್ಯಾಟಿನ್ ಸನ್ನದು, ಗ್ನಿಯೆಜ್ನೊ ಆರ್ಚ್‌ಬಿಷಪ್ಪರ ಆಸ್ತಿಪಟ್ಟಿ. ಅದರಲ್ಲಿ ಸುಮಾರು 400 ಪೋಲಿಷ್ ಊರು, ಆಳುಗಳ ಹೆಸರುಗಳಿವೆ. ಉಚ್ಚಾರಣೆ ತಿಳಿಯಲು ಅದು ಚಿನ್ನದಂಥ ದಾಖಲೆ, ಆದರೆ ಬರೀ ಹೆಸರುಗಳಿಂದ ವಾಕ್ಯರಚನೆ ತಿಳಿಯದು. ಪೂರ್ತಿ ವಾಕ್ಯ ಬೇಕೆಂದರೆ 1270ರ ಸುಮಾರಿನ ಹೆನ್ರಿಕುಫ್‌ಗೇ ಹೋಗಬೇಕು.

ಉತ್ತರ 2: ಅಕ್ಷರವನ್ನೇ ಧ್ವನಿ ಅಂದುಕೊಂಡರೆ ಆ ವಾಕ್ಯ ಬಿಡಿಸಲಾಗದು. ಪೋಲಿಷಿನ ಶ, ಚ ಧ್ವನಿಗಳಿಗೆ ಲ್ಯಾಟಿನ್‌ನಲ್ಲಿ ಅಕ್ಷರವೇ ಇರಲಿಲ್ಲ. ಹಾಗಾಗಿ 'ಪೊಬ್ರುಸಾ'ದ ಸ ಅನ್ನು ಶ ಎಂದು, 'ಪೊಜಿವಾಯ್'ನ ಜ ಅನ್ನು ಚ ಎಂದು ಓದಿ. 'ಪೊಬ್ರುಸಾ'ದ ಕೊನೆಯ ಸ್ವರ ಅನುನಾಸಿಕ, ಅದಕ್ಕೂ ಅಕ್ಷರವಿರಲಿಲ್ಲ. 'ಉತ್' ಲ್ಯಾಟಿನ್ ಪದ. ಅಲ್ಲಿ ಇರಬೇಕಾದ್ದು 'ಆಚ್'. ಈಗ ಓದಿ: 'ದಾಯ್, ಆಚ್ ಯಾ ಪೊಬ್ರುಶೆಂ, ಆ ತಿ ಪೊಚಿವಾಯ್'. ಕೊಡು, ನಾನು ಬೀಸುತ್ತೇನೆ, ನೀನು ವಿಶ್ರಾಂತಿ ತಗೋ.

ಬೀಸುಕಲ್ಲಿನ ಮುಂದೆ ದಣಿದ ಹೆಂಡತಿಗೆ ಬೊಗುಖ್ವಾವ್ ಹೇಳಿದ ಮಾತಿದು. ಆತ ಬೊಹೀಮಿಯಾದವನು (ಇಂದಿನ ಚೆಕ್ ನಾಡು), ಅದಕ್ಕೇ ಇದರಲ್ಲಿ ಚೆಕ್ ಎಷ್ಟು ಅನ್ನೋ ಚರ್ಚೆ ಇನ್ನೂ ಇದೆ. ಇಡೀ ಕಥನ ಲ್ಯಾಟಿನ್‌ನಲ್ಲಿದ್ದರೂ ಗಂಡನ ಮಾತನ್ನು ಮಾತ್ರ ಆಡಿದ ಭಾಷೆಯಲ್ಲೇ ಉಳಿಸಿದ್ದು ನಮ್ಮ ಪುಣ್ಯ. ಪಕ್ಕದ ಬ್ರುಕಾಲಿಟ್ಸೆ ಊರಿನ ಹೆಸರೂ ಅವನ ಅಡ್ಡಹೆಸರಿನಿಂದ ಬಂದದ್ದೇ.

ಪ್ರಶ್ನೆ ಕೇಳಿದವರು: ಈಗ ಸ್ಪಷ್ಟವಾಯಿತು, ಧನ್ಯವಾದ. ಆದರೆ ಇಂದಿನ ಪೋಲಿಷಿನಲ್ಲಿ ಅನುನಾಸಿಕ ಸ್ವರ ಎರಡಿವೆಯಲ್ಲ, ಹೇಗೆ?

ಉತ್ತರ 3: 14ನೇ ಶತಮಾನದ ಪೋಲಿಷ್ ಹಸ್ತಪ್ರತಿ 'ಪವಿತ್ರ ಶಿಲುಬೆಯ ಪ್ರವಚನಗಳು' ನೋಡಿ. 1890ರಲ್ಲಿ ಭಾಷಾ ವಿದ್ವಾಂಸ ಅಲೆಕ್ಸಾಂಡರ್ ಬ್ರ್ಯುಕ್ನರ್ ಅವರಿಗೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬೇರೊಂದು ಪುಸ್ತಕದ ರಟ್ಟಿನೊಳಗೆ ಚರ್ಮಪತ್ರದ ಪಟ್ಟಿಗಳಾಗಿ ಸಿಕ್ಕಿದವು. ಅಲ್ಲಿ ಅನುನಾಸಿಕಗಳಿಗೆಲ್ಲ ಅಡ್ಡಗೆರೆ ಎಳೆದ 'ಒ' ಒಂದೇ ಗುರುತು. ಆಗ ಗುಣದಲ್ಲಿ ಸ್ವರ ಒಂದೇ, ವ್ಯತ್ಯಾಸ ಹ್ರಸ್ವ-ದೀರ್ಘದ್ದು. ಮುಂದೆ ದೀರ್ಘ 'ಒಂ' ಕಡೆಗೆ, ಹ್ರಸ್ವ 'ಎಂ' ಕಡೆಗೆ ಸರಿಯಿತು. ಹಲ್ಲು 'ಜೊಂಪ್', ಹಲ್ಲಿನ 'ಜೆಂಬಾ'. 'ಜೊಂಪ್'ನ ಕೊನೆಯಲ್ಲಿ ಹಿಂದೆ ಇದ್ದ ಕಿರುಸ್ವರ ಬಿದ್ದಾಗ ಹಿಂದಿನ ಸ್ವರ ದೀರ್ಘವಾಯಿತು; 'ಜೆಂಬಾ'ದಲ್ಲಿ ಕೊನೆಯ ಸ್ವರ ಉಳಿದದ್ದರಿಂದ ಹ್ರಸ್ವವಾಗಿಯೇ ಇತ್ತು. ಕೈ 'ರೆಂಕಾ', ಕೈಗಳ 'ರೊಂಕ್' ಕೂಡ ಇದೇ ದಾರಿ.