ನೇರ ಕಛೇರಿಯ ಧ್ವನಿಮುದ್ರಣ: ವೇವ್, ಫ್ಲ್ಯಾಕ್, ಎಂಪಿ3 ಇವುಗಳಲ್ಲಿ ಯಾವುದು ಯಾವುದಕ್ಕೆ?

ಪ್ರಶ್ನೆ

ಸಂಗೀತ ತಂಡವೊಂದು ತನ್ನ ಕಛೇರಿಗಳನ್ನು ಮುದ್ರಿಸಿ ಉಚಿತವಾಗಿ ಹಂಚಲು ಒಪ್ಪಿಗೆ ಕೊಟ್ಟಿದೆ. ನನ್ನ ಬಳಿ ಕೈಯಲ್ಲಿ ಹಿಡಿಯುವ ಪುಟ್ಟ ರೆಕಾರ್ಡರ್ ಇದೆ. ವೇವ್ ಮತ್ತು ಎಂಪಿ3 ಎರಡರಲ್ಲೂ ಮುದ್ರಿಸುತ್ತದೆ. ಕಾರ್ಯಕ್ರಮ ಸುಮಾರು ಮೂರು ಗಂಟೆ. ಗೆಳೆಯರೊಬ್ಬರು ‘320 ಕೆಬಿಪಿಎಸ್ ಎಂಪಿ3 ಸಾಕು’ ಎನ್ನುತ್ತಾರೆ, ಇನ್ನೊಬ್ಬರು ‘24 ಬಿಟ್, 96 ಕಿಲೋಹರ್ಟ್ಸ್‌ಗಿಂತ ಕಡಿಮೆ ಬೇಡ’ ಎನ್ನುತ್ತಾರೆ. ಯಾರ ಮಾತು ಕೇಳಲಿ? ಹಾಡುಗಳಾಗಿ ಬಿಡಿಸಲು ಉಚಿತ ತಂತ್ರಾಂಶ ಯಾವುದಿದೆ?

ಉತ್ತರ 1

ಮೊದಲನೆಯವರ ಮಾತು ಸರಿ. 320ರ ಎಂಪಿ3ಯನ್ನೂ ಮೂಲವನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರೆ ಹೆಚ್ಚಿನವರು ಗುರುತಿಸಲಾರರು. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ.

ಉತ್ತರ 2

ಕೇಳುವವರ ಮಟ್ಟಿಗೆ ಅದು ನಿಜ. ಆದರೆ ಮುದ್ರಿಸುವವರು ಮುದ್ರಿಸಿದ್ದನ್ನು ಹಾಗೆಯೇ ಕೊಡುವುದಿಲ್ಲವಲ್ಲ! ಮಟ್ಟ ಏರಿಸುತ್ತಾರೆ, ಕತ್ತರಿಸುತ್ತಾರೆ, ಮತ್ತೆ ಉಳಿಸುತ್ತಾರೆ. ಎಂಪಿ3ಯನ್ನು ತಿದ್ದಿ ಮತ್ತೆ ಎಂಪಿ3 ಮಾಡಿದರೆ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಬೇಗ ಕೆಡುವುದು ಚಪ್ಪಾಳೆ ಮತ್ತು ತಾಳದ ಝಲ್ಲೆನ್ನುವ ಸದ್ದು. ನೇರ ಕಛೇರಿಯಲ್ಲಿ ಇವೆರಡಕ್ಕೂ ಬರವಿಲ್ಲ. ಆದ್ದರಿಂದ ಮುದ್ರಣಕ್ಕೆ ಸದ್ದನ್ನು ಕುಗ್ಗಿಸದೆ ಇದ್ದಂತೆಯೇ ಇಡುವ ವೇವ್, ಕಾಪಿಡಲು ಏನನ್ನೂ ಕಳೆಯದೆ ಗಾತ್ರ ಮಾತ್ರ ಕುಗ್ಗಿಸುವ (ನಷ್ಟರಹಿತ) ಫ್ಲ್ಯಾಕ್. ಎಂಪಿ3 ಏನಿದ್ದರೂ ಕೊನೆಯಲ್ಲಿ, ಕೇಳುವವರಿಗಾಗಿ.

24 ಬಿಟ್, 48 ಕಿಲೋಹರ್ಟ್ಸ್ ಇಟ್ಟುಕೊಳ್ಳಿ. 48 ಎಂದರೆ ಸದ್ದನ್ನು ಸೆಕೆಂಡಿಗೆ 48,000 ಸಲ ಅಳೆದು ಮಾದರಿ ತೆಗೆಯುವುದು; ಅದು 24 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ. ಮನುಷ್ಯರ ಕಿವಿಯ ಮಿತಿ ಸುಮಾರು 20. 96ರ ಹಟ ಹಿಡಿದವರೊಡನೆ ವಾದಕ್ಕೆ ನಾನು ಇಳಿಯುವುದಿಲ್ಲ, ಲೆಕ್ಕ ಮಾತ್ರ ತೋರಿಸುತ್ತೇನೆ. 24/48 ಸ್ಟೀರಿಯೊಗೆ ಸೆಕೆಂಡಿಗೆ 2,88,000 ಬೈಟ್, ಅಂದರೆ ಗಂಟೆಗೆ ಒಂದು ಜಿಬಿಗಿಂತ ಚೂರು ಹೆಚ್ಚು. ಸಾಮಾನ್ಯ ವೇವ್ ಕಡತ 4 ಜಿಬಿ ಮೀರಲಾರದು, ಏಕೆಂದರೆ ಅದರ ಗಾತ್ರವನ್ನು ಬರೆದಿಡುವ ಜಾಗವೇ 32 ಬಿಟ್. 48ರಲ್ಲಿ ನಿಮ್ಮ ಮೂರು ಗಂಟೆ ಅದರೊಳಗೆ ಹಿಡಿಯುತ್ತದೆ. 96ರಲ್ಲಿ ಎರಡು ಗಂಟೆ ದಾಟುತ್ತಿದ್ದಂತೆ ಕಡತ ತುಂಬುತ್ತದೆ. ಕೆಲವು ರೆಕಾರ್ಡರ್‌ಗಳು 2 ಜಿಬಿಗೇ ತುಂಡು ಮಾಡುತ್ತವೆ. ಮನೆಯಲ್ಲೇ ಒಮ್ಮೆ ಅಷ್ಟು ಹೊತ್ತು ಓಡಿಸಿ, ತುಂಡುಗಳ ನಡುವೆ ಸದ್ದು ಕಳೆಯುತ್ತದೆಯೇ ಎಂದು ಮೊದಲೇ ನೋಡಿ.

ಇನ್ನು ಮಟ್ಟ. ಸ್ವಯಂಚಾಲಿತ ಮಟ್ಟದ ಆಯ್ಕೆಯನ್ನು ಮೊದಲು ಆಫ್ ಮಾಡಿ. ಅದು ಮೆಲುದನಿಯ ಆರಂಭವನ್ನು ಎತ್ತಿ, ವಾದ್ಯಗಳೆಲ್ಲ ಸೇರುವ ಹೊತ್ತಿಗೆ ಅದುಮಿ, ಕಟ್ಟಿಕೊಂಡು ಬಂದ ಏರಿಳಿತವನ್ನೇ ಚಪ್ಪಟೆ ಮಾಡುತ್ತದೆ. ಅತಿ ಜೋರಿನ ಸದ್ದು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ (ಸೊನ್ನೆಯೇ ಗರಿಷ್ಠ, ಅದನ್ನು ಮೀರಿದರೆ ಸದ್ದು ಒಡೆಯುತ್ತದೆ). 24 ಬಿಟ್‌ನಲ್ಲಿ ಆಮೇಲೆ ಎತ್ತಿಕೊಳ್ಳಲು ಧಾರಾಳ ಅವಕಾಶವಿದೆ. ಬಹಳ ಸಲ ಅತಿ ಜೋರಿನದು ಸಂಗೀತವೇ ಅಲ್ಲ, ಮೈಕಿನ ಪಕ್ಕ ಕುಳಿತ ಮಹಾನುಭಾವರ ಚಪ್ಪಾಳೆ! ಕಡತ ತೆರೆದರೆ ಅದು ಮುಳ್ಳಿನಂತೆ ನೆಟ್ಟಗೆ ಎದ್ದು ಕಾಣುತ್ತದೆ. ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ, ಮಟ್ಟವನ್ನು ಬೇಕಾದೆಡೆ ಏರಿಳಿಸುವ ಎನ್ವೆಲಪ್ ಸಾಧನದಿಂದ ಆ ಮುಳ್ಳುಗಳನ್ನಷ್ಟೇ ತಗ್ಗಿಸಿ, ಆಮೇಲೆ ಒಟ್ಟು ಮಟ್ಟ ಏರಿಸಿ. ಇಲ್ಲವಾದರೆ ಆ ಒಬ್ಬರಿಗಾಗಿ ಇಡೀ ಕಛೇರಿ ಪಿಸುಗುಟ್ಟಬೇಕಾಗುತ್ತದೆ.

ಬಿಡಿಸಲೂ ಅಡಾಸಿಟಿ ಸಾಕು, ಉಚಿತ. ಪ್ರತಿ ಹಾಡಿನ ಮೊದಲಿಗೆ ಲೇಬಲ್ ಹಾಕಿ, ಎಲ್ಲವನ್ನೂ ಒಟ್ಟಿಗೆ ಫ್ಲ್ಯಾಕ್ ಆಗಿ ರಫ್ತು ಮಾಡಿ. 0ರಿಂದ 8ರವರೆಗಿನ ಸಂಕೋಚನ ಮಟ್ಟ ನೋಡಿ ಗಾಬರಿಯಾಗಬೇಡಿ; ಯಾವುದರಲ್ಲೂ ಧ್ವನಿ ಕಳೆಯುವುದಿಲ್ಲ, ಸಮಯ ಮತ್ತು ಗಾತ್ರ ಮಾತ್ರ ಬದಲಾಗುತ್ತವೆ.

ಪ್ರಶ್ನೆ ಕೇಳಿದವರು

ಧನ್ಯವಾದ. ಇನ್ನೊಂದು ಸಂದೇಹ: ಹಳೆಯ ಒಂದು ಕಛೇರಿಯ ಎಂಪಿ3 ಕಡತಗಳು ನನ್ನಲ್ಲಿವೆ. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವಾಗ ಚಪ್ಪಾಳೆ ಕ್ಷಣಕಾಲ ನಿಂತು ಮತ್ತೆ ಶುರುವಾಗುತ್ತದೆ. ಅವನ್ನು ಫ್ಲ್ಯಾಕ್ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ 2

ಇಲ್ಲ, ದಯವಿಟ್ಟು ಹಾಗೆ ಮಾಡಿ ಹಂಚಬೇಡಿ. ಎಂಪಿ3 ಧ್ವನಿಯನ್ನು 1152 ಮಾದರಿಗಳ ಕಂತುಗಳಲ್ಲಿ ತುಂಬುತ್ತದೆ; ಹಾಡು ಕಂತಿಗೆ ಸರಿಯಾಗಿ ಮುಗಿಯದಿದ್ದರೆ ಉಳಿದ ಜಾಗಕ್ಕೆ ಮೌನ ಸೇರುತ್ತದೆ, ಆರಂಭದಲ್ಲೂ ಒಂದಿಷ್ಟು ಸೇರುತ್ತದೆ. ಅದನ್ನು ಕಳೆದು ನುಡಿಸುವ ಪ್ಲೇಯರ್‌ಗಳಿವೆ, ಎಲ್ಲವೂ ಹಾಗಲ್ಲ. ಫ್ಲ್ಯಾಕ್ ಕೊನೆಯ ಮಾದರಿಯವರೆಗೂ ನಿಖರ. ಆದರೆ ಎಂಪಿ3ಯಿಂದ ಹುಟ್ಟಿದ ಫ್ಲ್ಯಾಕ್ ಎಂದರೆ ಗಾತ್ರ ಹೆಚ್ಚಿಸಿಕೊಂಡ ಎಂಪಿ3, ಅಷ್ಟೇ. ಅಡಾಸಿಟಿಯಲ್ಲಿ ಸ್ಪೆಕ್ಟ್ರೋಗ್ರಾಂ ನೋಟಕ್ಕೆ (ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂದು ಬಣ್ಣದಲ್ಲಿ ತೋರಿಸುವ ಚಿತ್ರ) ಹೋಗಿ ನೋಡಿ: 128 ಕೆಬಿಪಿಎಸ್‌ನ ಕಡತವಾಗಿದ್ದರೆ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಹತ್ತಿರ ಕತ್ತಿಯಿಂದ ಕೊಯ್ದಂತೆ ಬಣ್ಣ ನಿಂತುಹೋಗಿರುತ್ತದೆ.

ಕಛೇರಿ ಮುದ್ರಿಸಿ ಹಂಚುವವರಲ್ಲಿ ಇದು ಹಳೆಯ ಶಿಸ್ತು. ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ತಂಡ 1984ರಲ್ಲೇ ಮುದ್ರಿಸಿಕೊಳ್ಳುವವರಿಗೆಂದು ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಕೊಟ್ಟಿತ್ತು. 2001ರಲ್ಲಿ ಫ್ಲ್ಯಾಕ್‌ನ ಮೊದಲ ಪೂರ್ಣ ಆವೃತ್ತಿ ಬರುವ ಮೊದಲು ಇಂಥವರು ಶಾರ್ಟನ್ ಎಂಬ ನಷ್ಟರಹಿತ ಸ್ವರೂಪ ಬಳಸುತ್ತಿದ್ದರು. ಇಂಟರ್ನೆಟ್ ಆರ್ಕೈವ್‌ನ ಲೈವ್ ಮ್ಯೂಸಿಕ್ ಆರ್ಕೈವ್, ಅನುಮತಿ ಕೊಟ್ಟ ಕಲಾವಿದರ ಕಛೇರಿಗಳನ್ನು ನಷ್ಟರಹಿತ ರೂಪದಲ್ಲಿ ಇಡುತ್ತದೆ. ನಿಮ್ಮ ತಂಡದ ಒಪ್ಪಿಗೆ ಬರವಣಿಗೆಯಲ್ಲಿರಲಿ.

ಕಡತಗಳ ಜೊತೆ ಒಂದು ಪಠ್ಯ ಕಡತ ಇಡಿ: ದಿನಾಂಕ, ಹಾಡುಗಳ ಕ್ರಮ, ಮೈಕು ಎಲ್ಲಿತ್ತು, ಯಾವ ರೆಕಾರ್ಡರ್, ಯಾವ ತಂತ್ರಾಂಶ, ಏನೇನು ತಿದ್ದಿದಿರಿ. ಫ್ಲ್ಯಾಕ್ ತನ್ನೊಳಗೇ ಮೂಲ ಧ್ವನಿಯ ಎಂಡಿ5 ಮೊತ್ತ (ಧ್ವನಿಯಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ) ಇಟ್ಟುಕೊಂಡಿರುತ್ತದೆ. ಆ ಮೊತ್ತಗಳನ್ನೂ ಬರೆದಿಟ್ಟರೆ ಇಳಿಸಿಕೊಂಡವರು ತಮ್ಮ ಪ್ರತಿ ಕೆಟ್ಟಿದೆಯೇ ಎಂದು ತಾವೇ ನೋಡಿಕೊಳ್ಳಬಹುದು.

ಉತ್ತರ 3

ಮೊಬೈಲ್‌ನಲ್ಲಿ ಕೇಳುವವರಿಗೆ ಎಂಪಿ3 ಬದಲು ಓಪಸ್ ಎಂಬ ಇನ್ನೊಂದು ಸ್ವರೂಪ ಏಕಾಗಬಾರದು? 128 ಕೆಬಿಪಿಎಸ್‌ನಲ್ಲೇ ಚೆನ್ನಾಗಿರುತ್ತದೆ, ಹಾಡುಗಳ ನಡುವೆ ಬಿರುಕೂ ಇರುವುದಿಲ್ಲ.

ಉತ್ತರ 2

ಆಗಬಹುದು, ಹಳೆಯ ಪ್ಲೇಯರ್‌ಗಳು ಓದದಿದ್ದರೆ ಮಾತ್ರ ಎಂಪಿ3. ಎರಡನ್ನೂ ಫ್ಲ್ಯಾಕ್‌ನಿಂದಲೇ ಮಾಡಿ, ಒಂದರಿಂದ ಇನ್ನೊಂದನ್ನಲ್ಲ. ಬೇರೆ ಫೋಲ್ಡರ್‌ನಲ್ಲಿ ಹಾಕಿ, ಹೆಸರಿನಲ್ಲೇ ಸ್ವರೂಪ ಬರೆಯಿರಿ.